ಲಿವರ್ ರೈಫಲ್‌ನ ಒಡೆತನ: .22 ರಿಮ್‌ಫೈರ್ ಬಂದೂಕನ್ನು ಆರಿಸುವ, ಬಳಸುವ ಮತ್ತು ಕಾಪಾಡುವ ಬಗೆ

ಲಿವರ್ ರೈಫಲ್‌ನಲ್ಲಿ ಪ್ರತಿಯೊಂದು ಗುಂಡಿನ ಹಿಂದೆಯೂ ಹಾರಿಸುವವರ ಕೈಯ ಒಂದು ಪೂರ್ಣ ಚಲನೆ ಇರುತ್ತದೆ. ಟ್ರಿಗರ್‌ನ ಸುತ್ತ ಬಳೆಯಂತಿರುವ ಲಿವರನ್ನು ಕೆಳಗೆ ತಳ್ಳಿದಾಗ ನಳಿಕೆಯ ಹಿಂಬಾಯನ್ನು ಮುಚ್ಚುವ ಬೋಲ್ಟ್ ಹಿಂದೆ ಸರಿದು, ಖಾಲಿ ತೋಟಾವನ್ನು ಅದು ಕೂರುವ ಗೂಡಾದ ಚೇಂಬರ್‌ನಿಂದ ಎಳೆದು ಹೊರಗೆ ಎಸೆಯುತ್ತದೆ ಮತ್ತು ಬಡಿದು ಗುಂಡು ಹಾರಿಸುವ ಹ್ಯಾಮರನ್ನು ಹಿಂದಕ್ಕೆ ಬಾಗಿಸಿ ನಿಲ್ಲಿಸುತ್ತದೆ. ಲಿವರನ್ನು ಮರಳಿ ಮೇಲಕ್ಕೆಳೆದಾಗ ಹೊಸ ತೋಟಾ ಚೇಂಬರ್‌ನೊಳಗೆ ಕೂರುತ್ತದೆ. ಈ ಬಂದೂಕು ಕೊಡುವ ಸಂತೋಷವೂ, ಅದರಲ್ಲಿ ಕಾಣಿಸಿಕೊಳ್ಳುವ ಬಹುಪಾಲು ತೊಂದರೆಗಳೂ ಆ ಒಂದು ಕೈಚಲನೆಯನ್ನೇ ಅವಲಂಬಿಸಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಕೊಳ್ಳುವಾಗ ನೋಡಬೇಕಾದದ್ದು, ಅಭ್ಯಾಸ ಮಾಡಬೇಕಾದದ್ದು, ಶುಚಿಯಾಗಿಡಬೇಕಾದದ್ದು ಎಲ್ಲವೂ ಅದರ ಸುತ್ತಲೇ ಇವೆ. ಅದಕ್ಕೂ ಮೊದಲಿನ ಮಾತೊಂದಿದೆ: ನೀವಿರುವ ನಾಡಿನ ಕಾನೂನು ಕೇಳುವ ಪರವಾನಗಿ ಕೈಯಲ್ಲಿಲ್ಲದೆ ಬಂದೂಕಿನ ಮಾತುಕತೆಗೇ ಇಳಿಯಬಾರದು.

ರಿಮ್‌ಫೈರ್ ತೋಟಾದಲ್ಲಿ, ಹೊಡೆತಕ್ಕೆ ಸಿಡಿಯುವ ಮದ್ದು ತಳದ ಮಧ್ಯದಲ್ಲಿರದೆ ಮಡಿಚಿದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಹ್ಯಾಮರ್‌ನ ಹೊಡೆತಕ್ಕೆ ಮುಂದೆ ನುಗ್ಗುವ ಮೊಳೆ, ಅಂದರೆ ಫೈರಿಂಗ್ ಪಿನ್, ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. 1860ರ ಹೆನ್ರಿ ರೈಫಲ್ .44 ಅಳತೆಯ (ಅಂಗುಲದ ಲೆಕ್ಕದಲ್ಲಿ ಗುಂಡಿನ ಸುಮಾರು ವ್ಯಾಸ) ರಿಮ್‌ಫೈರ್ ತೋಟಾವನ್ನೇ ಹಾರಿಸುತ್ತಿತ್ತು, ಆದ್ದರಿಂದ ಲಿವರ್ ಮತ್ತು ರಿಮ್‌ಫೈರ್‌ಗಳ ನಂಟು ಹಳೆಯದು. ಇಂದು ಎಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಬಂದಿತು. ಅದಕ್ಕಾಗಿ ರೂಪುಗೊಂಡ ಲಿವರ್ ರೈಫಲ್‌ಗಳಲ್ಲಿ ಅಮೆರಿಕದ ಮಾರ್ಲಿನ್ ಕಂಪನಿಯದು ದೀರ್ಘ ಪರಂಪರೆ: 1891ರ ಮಾದರಿಯಿಂದ ಹೊರಟ ವಿನ್ಯಾಸ 1897ರ ಮಾದರಿಯ ಮೂಲಕ ಸಾಗಿ, 1939ರಲ್ಲಿ 39ಎ ಎಂಬ ಹೆಸರು ಪಡೆದು ದಶಕಗಳ ಕಾಲ ತಯಾರಾಯಿತು. ವಿಂಚೆಸ್ಟರ್ 9422 ಮಾದರಿ 1972ರಿಂದ 2005ರವರೆಗೆ ಮಾರುಕಟ್ಟೆಯಲ್ಲಿತ್ತು. ಬ್ರೌನಿಂಗ್ ಬಿಎಲ್-22ರ ಲಿವರ್ ಕೇವಲ 33 ಡಿಗ್ರಿ ತಿರುಗುವುದರಿಂದ ಅದು ಚಿಕ್ಕ ಕೈಗಳಿಗೂ ಒಗ್ಗುತ್ತದೆ. ಹೆನ್ರಿ ಹೆಸರಿನ ಈಗಿನ ರೈಫಲ್‌ಗಳು ಹಗುರ, ನಯವಾದ ಲಿವರ್ ಉಳ್ಳವು ಮತ್ತು ಹೊಸದಾಗಿಯೇ ಸಿಗುವಂಥವು. ಬಿಚ್ಚಲು ಸುಲಭವಾದದ್ದೇ ಬೇಕೆಂದರೆ ನನ್ನ ಆಯ್ಕೆ 39ಎ: ಬಲಬದಿಯ ದೊಡ್ಡ ತಿರುಪನ್ನು ಸಡಿಲಿಸಿದರೆ ರೈಫಲ್ ಎರಡು ಭಾಗವಾಗಿ ಬಿಡಿಸಿಕೊಳ್ಳುತ್ತದೆ, ಬೋಲ್ಟ್ ಕೈಗೆ ಬರುತ್ತದೆ, ಮತ್ತು ನಳಿಕೆಯನ್ನು ಚೇಂಬರ್ ಕಡೆಯಿಂದಲೇ ಒರೆಸಬಹುದು.

ಹಳೆಯ ರೈಫಲ್ ಕೊಳ್ಳುವವರು ಮರದ ಹೊಳಪಿಗಿಂತ ಚೇಂಬರ್‌ನ ಬಾಯಿಗೆ ಹೆಚ್ಚು ಗಮನ ಕೊಡಬೇಕು. ಖಾಲಿ ಚೇಂಬರ್ ಮೇಲೆ ಮತ್ತೆ ಮತ್ತೆ ಟ್ರಿಗರ್ ಎಳೆದಿದ್ದರೆ, ತೋಟಾದ ಅಂಚು ಕೂರಬೇಕಾದ ಜಾಗದಲ್ಲಿ ಫೈರಿಂಗ್ ಪಿನ್ ಉಕ್ಕಿಗೇ ಬಡಿದು ಸಣ್ಣ ಗುಳಿಯನ್ನು ಮಾಡಿರುವ ಸಾಧ್ಯತೆ ಇರುತ್ತದೆ. ಹಾಗೆ ಒತ್ತಲ್ಪಟ್ಟ ಲೋಹ ಚೇಂಬರ್‌ನೊಳಕ್ಕೆ ಕೂದಲೆಳೆಯಷ್ಟು ಚಾಚಿಕೊಂಡರೂ ಸಾಕು, ತೋಟಾ ಬಿಗಿಯಾಗಿ ಸಿಲುಕುತ್ತದೆ, ಖಾಲಿ ತೋಟಾ ಹೊರಬರಲು ತಕರಾರು ಮಾಡುತ್ತದೆ, ಆ ಜಾಗದಲ್ಲಿ ಅಂಚಿಗೆ ಆಧಾರ ತಪ್ಪಿ ಗುಂಡು ಹಾರದೆಯೂ ಇರಬಹುದು. ಸಣ್ಣ ಟಾರ್ಚ್ ಹಿಡಿದು ನೋಡಿದರೆ ಗುಳಿ ಕಣ್ಣಿಗೇ ಕಾಣುತ್ತದೆ. ಅನುಭವಿ ಕುಶಲಕರ್ಮಿ ಇದನ್ನು ಸರಿಪಡಿಸಬಲ್ಲ, ಆದರೆ ಆ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಬೇಕು. ಮುಂದೆ ನಳಿಕೆಯ ತುದಿಯ ಅಂಚು ಸುತ್ತಲೂ ಒಂದೇ ಸಮನಾಗಿದೆಯೇ ನೋಡಿ. ತುದಿಯಿಂದ ಒರಟಾಗಿ ಕಡ್ಡಿ ಹಾಕಿ ಒರೆಸಿದ ರೈಫಲ್‌ಗಳಲ್ಲಿ ಅದು ಒಂದು ಬದಿಗೆ ಸವೆದು ನಿಖರತೆ ಕೆಟ್ಟಿರುತ್ತದೆ. ತೋಟಾಗಳು ಸಾಲಾಗಿ ಕೂರುವ, ನಳಿಕೆಯ ಕೆಳಗಿನ ಮ್ಯಾಗಜಿನ್ ಕೊಳವೆಯಲ್ಲಿ ನೆಗ್ಗು ಇರಬಾರದು, ತೋಟಾಗಳನ್ನು ಹಿಂದಕ್ಕೆ ಒತ್ತುವ ಒಳಕೊಳವೆ ತಡೆಯಿಲ್ಲದೆ ಜಾರಬೇಕು. ತಿರುಪಿನ ತಲೆಗಳು ಹರಿದಿದ್ದರೆ ಯಾರೋ ಹೊಂದದ ತಿರುಪುಳಿ ಹಿಡಿದು ಒಳಗೆ ಕೈಯಾಡಿಸಿದ್ದಾರೆಂದು ತಿಳಿಯಬೇಕು. ಕೊನೆಯದಾಗಿ, ಅರ್ಧ ಏರಿಕೆಯ ಸ್ಥಾನವಿರುವ (ಹ್ಯಾಮರ್ ಅರ್ಧ ದಾರಿಯಲ್ಲಿ ಸುರಕ್ಷಿತವಾಗಿ ನಿಲ್ಲುವ) ಮಾದರಿಯಾದರೆ, ಬಂದೂಕು ಖಾಲಿಯೆಂದು ಖಚಿತಪಡಿಸಿಕೊಂಡು ಹ್ಯಾಮರನ್ನು ಅಲ್ಲಿ ನಿಲ್ಲಿಸಿ ಟ್ರಿಗರನ್ನು ಬಲವಾಗಿ ಒತ್ತಿ ನೋಡಿ. ಆಗ ಹ್ಯಾಮರ್ ಬಿದ್ದರೆ ಆ ರೈಫಲ್ ಎಷ್ಟೇ ಸುಂದರವಾಗಿದ್ದರೂ ದುರಸ್ತಿಯಾಗುವವರೆಗೆ ಅದನ್ನು ಹಾರಿಸಕೂಡದು.

ತೋಟಾಗಳ ವಿಷಯದಲ್ಲಿ ನಳಿಕೆಯ ಮೇಲೆ ಕೆತ್ತಿರುವುದೇ ಅಂತಿಮ. .22 ಲಾಂಗ್ ರೈಫಲ್ ಮತ್ತು .22 ಮ್ಯಾಗ್ನಮ್ ಬೇರೆ ಬೇರೆ ತೋಟಾಗಳು; ಮ್ಯಾಗ್ನಮ್ ಚೇಂಬರ್‌ನಲ್ಲಿ ಲಾಂಗ್ ರೈಫಲ್ ಹಾರಿಸಿದರೆ ಸಡಿಲವಾಗಿ ಕೂತ ತೋಟಾ ಸೀಳಿ ಬಿಸಿ ಅನಿಲ ಹಿಂದಕ್ಕೆ ನುಗ್ಗುವ ಅಪಾಯವಿದೆ. ಹಲವು ಲಿವರ್ ರೈಫಲ್‌ಗಳು ಬೇರೆ ಬೇರೆ ಉದ್ದದ .22 ತೋಟಾಗಳಾದ ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರನ್ನೂ ನುಂಗುತ್ತವೆ ಎಂಬುದು ಅವುಗಳ ದೊಡ್ಡ ಗುಣ, ಆದರೆ ಶಾರ್ಟ್ ತೋಟಾಗಳನ್ನು ಬಹಳ ಹಾರಿಸಿದ ಮೇಲೆ ಚೇಂಬರ್‌ನ ಮುಂಭಾಗದಲ್ಲಿ ಮಸಿಯ ಬಳೆಯೊಂದು ಕಟ್ಟುತ್ತದೆ; ಅದನ್ನು ತೆಗೆಯದೆ ಉದ್ದನೆಯ ತೋಟಾ ಹಾಕಿದರೆ ಅದು ಪೂರ್ತಿ ಒಳಹೋಗದು. ಸಾಧಾರಣ ವೇಗದ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು ಶಬ್ದದ ವೇಗಕ್ಕಿಂತ ತುಸು ಕೆಳಗೆ ಹೊರಡುತ್ತದೆ, ಮತ್ತು ನಿಖರತೆಯನ್ನು ಬಯಸುವವರಿಗೆ ಅದೇ ಒಳ್ಳೆಯ ಆರಂಭ. ಯಾವ ತಯಾರಿಕೆಯ ತೋಟಾ ನಿಮ್ಮ ರೈಫಲ್‌ಗೆ ಹಿಡಿಸುತ್ತದೆಂದು ಹೊರಗಿನವರು ಹೇಳಲಾರರು. ನಾಲ್ಕಾರು ಬಗೆಯನ್ನು ತಂದು, ಆಧಾರದ ಮೇಲಿಟ್ಟು ಒಂದೊಂದು ಬಗೆಯ ಹತ್ತು ಹತ್ತು ಗುಂಡುಗಳನ್ನು ಕಾಗದಕ್ಕೆ ಹಾರಿಸಿ, ತೂತುಗಳು ಎಷ್ಟು ಒತ್ತಾಗಿ ಬೀಳುತ್ತವೆಂದು ಹೋಲಿಸಬೇಕು.

ತೋಟಾ ತುಂಬುವ ಮತ್ತು ತೆಗೆಯುವ ಕೆಲಸದಲ್ಲಿ ಅವಸರ ಸಲ್ಲದು. ಕೊಳವೆ ಮ್ಯಾಗಜಿನ್ ತುಂಬುವಾಗ ಕೈ ನಳಿಕೆಯ ತುದಿಯ ಬಳಿಯೇ ಆಡುತ್ತದೆ, ಆದ್ದರಿಂದ ಚೇಂಬರ್ ಖಾಲಿ ಇರುವುದನ್ನು ಮೊದಲೇ ನೋಡಿ, ತುದಿಯನ್ನು ಸುರಕ್ಷಿತ ದಿಕ್ಕಿಗಿಟ್ಟು, ಕೈಯನ್ನು ಯಾವಾಗಲೂ ಬದಿಯಿಂದ ತರಬೇಕು. ಒಳಕೊಳವೆಯನ್ನು ತುಂಬುವ ಕಿಂಡಿ ತೆರೆದುಕೊಳ್ಳುವಷ್ಟು ಎಳೆದರೆ ಸಾಕು. ತೋಟಾಗಳನ್ನು ಹಾಕಿದ ಮೇಲೆ ಅದನ್ನು ಮೆಲ್ಲನೆ ಒತ್ತಿ ಭದ್ರವಾಗಿ ಸಿಕ್ಕಿಸಬೇಕು. ಖಾಲಿ ಮಾಡುವಾಗ ಒಳಕೊಳವೆಯನ್ನು ಪೂರ್ತಿ ಹೊರತೆಗೆದು, ರೈಫಲನ್ನು ಓರೆಮಾಡಿ ತೋಟಾಗಳನ್ನು ಸುರಿದುಕೊಂಡು, ಆಮೇಲೆ ಲಿವರನ್ನು ಹಲವು ಬಾರಿ ಆಡಿಸಿ. ಅಷ್ಟಾದರೂ ಕೆಲಸ ಮುಗಿಯಲಿಲ್ಲ: ಎಣ್ಣೆ ಜಿಡ್ಡಿಗೆ ಅಂಟಿಕೊಂಡ ಒಂದು ತೋಟಾ ಕೊಳವೆಯಲ್ಲೇ ಉಳಿದು, ಮುಂದಿನ ಬಾರಿ ಲಿವರ್ ಆಡಿಸಿದಾಗ ಚೇಂಬರ್ ಸೇರಬಹುದು. ಚೇಂಬರನ್ನೂ, ಕೊಳವೆಯ ಒಳಬಾಯನ್ನೂ ಕಣ್ಣಿನಿಂದ ನೋಡಿ, ಬೆರಳು ಹೋಗುವಲ್ಲಿ ಬೆರಳಿನಿಂದಲೂ ತಡವಿ ನೋಡುವುದೇ ಸರಿ.

ಲಿವರನ್ನು ಅಳುಕುತ್ತಾ ಆಡಿಸುವುದು ಹೊಸಬರ ಸಾಮಾನ್ಯ ಅಭ್ಯಾಸ. ಹಳೆಯ ವಸ್ತುವೆಂಬ ಗೌರವದಿಂದ ಅರ್ಧಕ್ಕೇ ನಿಲ್ಲಿಸಿದರೆ ಖಾಲಿ ತೋಟಾ ಹೊರಗೆ ಚಿಮ್ಮದೆ ಅಲ್ಲೇ ಉಳಿಯುತ್ತದೆ, ಇಲ್ಲವೇ ಹೊಸದು ಮೇಲೆ ಬಾರದೆ ಚೇಂಬರ್ ಖಾಲಿಯಾಗಿಯೇ ಮುಚ್ಚಿಕೊಳ್ಳುತ್ತದೆ. ಲಿವರ್ ಮುಂದೆ ತಡೆಗೆ ತಾಗುವವರೆಗೆ ಚುರುಕಾಗಿ ಹೋಗಬೇಕು, ಅಷ್ಟೇ ಚುರುಕಾಗಿ ಮರಳಿ ಬಂದು ಪೂರ್ತಿ ಮುಚ್ಚಬೇಕು. ಎರಡು ತುದಿಗಳಲ್ಲೂ ಸದ್ದು ಕೇಳಿಸಬೇಕು. ರೈಫಲ್‌ನ ಹಿಂತುದಿಯ ಮರವನ್ನು ಹೆಗಲಿನಿಂದ ಇಳಿಸದೆ, ಕೆನ್ನೆಯನ್ನು ಮರದಿಂದ ಎತ್ತದೆ ಇದನ್ನು ಮಾಡಲು ಕಲಿತವರಿಗೆ ಈ ರೈಫಲ್‌ನ ನಿಜವಾದ ಸೊಗಸು ದಕ್ಕುತ್ತದೆ. ಈ ಅಭ್ಯಾಸವನ್ನು ರಿಮ್‌ಫೈರ್‌ಗೆಂದೇ ಮಾಡಿದ ನಕಲಿ ತೋಟಾಗಳಿಂದ ಶುರುಮಾಡಬಹುದು. ಟ್ರಿಗರ್ ಬೆರಳು ಲಿವರ್ ಆಡುವಾಗ ಹೊರಗಿರಲಿ. ಬಿಎಲ್-22ರಲ್ಲಿ ಟ್ರಿಗರ್ ಲಿವರ್‌ನ ಜೊತೆಗೇ ಚಲಿಸುತ್ತದೆ, ಉಳಿದ ಕೆಲವು ರೈಫಲ್‌ಗಳಲ್ಲಿ ಅದು ಸ್ಥಿರವಾಗಿದ್ದು, ಒಳಗೆ ಉಳಿದ ಬೆರಳು ಮುಚ್ಚುವ ಲಿವರ್‌ನ ನಡುವೆ ಸಿಲುಕುತ್ತದೆ.

ತುಂಬಿದ ಚೇಂಬರ್ ಮೇಲೆ ಹೆಬ್ಬೆರಳಿನಿಂದ ಹ್ಯಾಮರನ್ನು ಇಳಿಸುವುದು ಅಪಾಯದ ಕೆಲಸ, ಏಕೆಂದರೆ ಜಾರಿದರೆ ಗುಂಡು ಹಾರುತ್ತದೆ. ಹಾರಿಸುವ ಕ್ಷಣದವರೆಗೂ ಲಿವರ್ ತೆರೆದೇ ಇರಲಿ, ಮನಸ್ಸು ಬದಲಾದರೆ ಇಳಿಸುವ ಬದಲು ಖಾಲಿ ಮಾಡಿ.

ಗುರಿಯ ಹೊಂದಿಕೆಗೆ 50 ಮೀಟರ್ ಸೂಕ್ತ ದೂರ. ತೂತು ಯಾವ ಕಡೆ ಬೀಳಬೇಕೋ ಹಿಂದಿನ ಸೈಟನ್ನು ಅದೇ ಕಡೆಗೆ ಸರಿಸಬೇಕು, ಮುಂದಿನದನ್ನಾದರೆ ವಿರುದ್ಧ ದಿಕ್ಕಿಗೆ. ಅಲ್ಲಿ ಸರಿಹೊಂದಿದ ಗುಂಡು 100 ಮೀಟರ್ ತಲುಪುವ ಹೊತ್ತಿಗೆ 15 ಸೆಂಟಿಮೀಟರ್‌ಗೂ ಹೆಚ್ಚು ಕೆಳಗಿಳಿದಿರುತ್ತದೆ, ಅಡ್ಡಗಾಳಿಯೂ ಅದನ್ನು ಎದ್ದುಕಾಣುವಷ್ಟು ತಳ್ಳುತ್ತದೆ. ಇಷ್ಟು ಸಣ್ಣ ತೋಟಾ ಎಂದು ಹಗುರವಾಗಿ ಕಾಣಬೇಡಿ: ಮೇಲ್ಮುಖವಾಗಿ ಹಾರಿದ ಗುಂಡು ಎರಡು ಕಿಲೋಮೀಟರ್‌ಗೂ ಆಚೆ ಬೀಳಬಲ್ಲದು, ನೀರಿಗೋ ಕಲ್ಲಿಗೋ ತಾಗಿದರೆ ಪುಟಿದು ದಿಕ್ಕು ಬದಲಿಸುತ್ತದೆ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿಲ್ಲದ ಕಡೆ ಹಾರಿಸಬಾರದು. ಕನ್ನಡಕ, ಕಿವಿರಕ್ಷಕ ಎರಡೂ ಬೇಕು. ಹ್ಯಾಮರ್ ಬಿದ್ದೂ ಗುಂಡು ಹಾರದಿದ್ದರೆ, ತುದಿಯನ್ನು ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾದು ಆಮೇಲೆ ಲಿವರ್ ತೆರೆಯಿರಿ. ಸದ್ದು ಎಂದಿಗಿಂತ ಮಂದವಾಗಿ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ, ಬಂದೂಕನ್ನು ಖಾಲಿ ಮಾಡಿ, ನಳಿಕೆಯಲ್ಲಿ ಗುಂಡು ಸಿಲುಕಿದೆಯೇ ಎಂದು ನೋಡದೆ ಮುಂದಿನದನ್ನು ಹಾರಿಸಬೇಡಿ.

ಶುಚಿಗೊಳಿಸುವಲ್ಲಿ ಅತಿಯೂ ಕೆಡುಕೇ. ಮೃದುವಾದ ಸೀಸದ ಗುಂಡು ನಳಿಕೆಯನ್ನು ಅಷ್ಟೇನೂ ಸವೆಸುವುದಿಲ್ಲ. ಸವೆಸುವುದು ಒರಟು ಕಡ್ಡಿ. ಹಿಂಬದಿ ತೆರೆಯದ ರೈಫಲ್‌ಗಳಲ್ಲಿ ಚೇಂಬರ್‌ನಿಂದ ತುದಿಗೆ ಎಳೆಯುವ ಹಗ್ಗ ಅಥವಾ ತಂತಿಯ ಸಾಧನವೇ ಒಳ್ಳೆಯದು. ಮಸಿ ನಿಜವಾಗಿ ಸೇರಿಕೊಳ್ಳುವುದು ಬೋಲ್ಟ್‌ನ ಮುಖದಲ್ಲಿ, ಖಾಲಿ ತೋಟಾವನ್ನು ಎಳೆಯುವ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆಯ ಕೆಳಗೆ ಮತ್ತು ಹೊಸ ತೋಟಾವನ್ನು ಮೇಲೆತ್ತುವ ಕ್ಯಾರಿಯರ್‌ನ ಸುತ್ತ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಲ್ಲಿ ಉಜ್ಜಿ, ಒಂದೆರಡು ಹನಿ ತೆಳು ಎಣ್ಣೆ ಹಚ್ಚಿ ಹೆಚ್ಚಿನದನ್ನು ಒರೆಸಿಬಿಡಿ. ಮ್ಯಾಗಜಿನ್ ಕೊಳವೆಯ ಒಳಗೆ ಮಾತ್ರ ಎಣ್ಣೆ ಬೇಡ, ಅದು ಧೂಳನ್ನು ಹಿಡಿದು ತೋಟಾಗಳನ್ನು ತಡೆಯುತ್ತದೆ. ಸೀಸ ಮತ್ತು ಮಸಿ ಮುಟ್ಟಿದ ಕೈಗಳನ್ನು ಊಟಕ್ಕೆ ಮೊದಲು ಸೋಪಿನಿಂದ ತೊಳೆಯಬೇಕು. ಒರೆಸಿದ ರೈಫಲನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ತೇವ ಕಟ್ಟಿ ತುಕ್ಕು ಹಿಡಿಯುತ್ತದೆ. ಒಣ ಜಾಗದ ಬೀಗದ ಕಪಾಟಿನಲ್ಲಿ, ಎಣ್ಣೆ ಇಳಿದು ಹಿಂಬದಿಯ ಮರವನ್ನು ಮೆತ್ತಗಾಗಿಸದಂತೆ ತುದಿ ಕೆಳಗಾಗಿ ಅಥವಾ ಅಡ್ಡಲಾಗಿ ಇಡಿ, ತೋಟಾಗಳಿಗೆ ಬೇರೆಯದೇ ಬೀಗ ಇರಲಿ.