ಗೋಲಿನ ಹಿಂದೆ ನಿಲ್ಲುವುದು ಹೇಗೆ: ಜಪಾನಿನ ಡರ್ಬಿ ನೋಡಿ, ಕಲಬುರಗಿ ಮೈದಾನಕ್ಕೆ ತಯಾರಿ

ಫುಟ್‌ಬಾಲ್ ಆಟಕ್ಕೆ ಕಲಬುರಗಿ ತಂಡದ ಎದುರು ಬೀದರ್ ತಂಡ ಇಳಿದರೆ ಮಂದಿಗೇನೂ ಬರ ಇರುವುದಿಲ್ಲ. ಇನ್ನೂರು ಜನ ಮೈದಾನದ ಸುತ್ತ ಚದುರಿ ಕೂತಿರುತ್ತಾರೆ, ಗೋಲ್ ಆದಾಗ ಎದ್ದು ಕೂಗಿ ಮತ್ತೆ ಕೂಡುತ್ತಾರೆ. ಅದೇ ಇನ್ನೂರು ಜನ ಒಂದೇ ಕಡೆ ಒತ್ತಾಗಿ ನಿಂತು, ತೊಂಬತ್ತು ನಿಮಿಷ ಬಿಡದೆ ಹಾಡಿದರೆ ಆಟವೇ ಬೇರೆ ಆಗುತ್ತದೆ. ಜಪಾನಿನ ಅಭಿಮಾನಿಗಳು ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಜೆ.ಲೀಗ್ ಶುರುವಾದ 1993ರಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ತಂಡ ಮೂರು ಗೋಲು ಹಿಂದಿದ್ದರೂ ಅವರ ಹಾಡು ನಿಲ್ಲುವುದಿಲ್ಲ. ಅವರ ಕ್ರಮವನ್ನು ನಮ್ಮ ಮೈದಾನಕ್ಕೆ, ನಮ್ಮ ಬಿಸಿಲಿಗೆ, ನಮ್ಮ ಅಕ್ಷರಕ್ಕೆ ಹೊಂದಿಸಿಕೊಳ್ಳುವ ಬಗೆ ಇಲ್ಲಿದೆ.

ಮೊದಲು ನೋಡಿ ಕಲಿಯಿರಿ

ಡರ್ಬಿ ಎಂದರೆ ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ತಂಡಗಳ ಪಂತದ ಆಟ. ಒಸಾಕಾ ಡರ್ಬಿಯಿಂದ ಶುರು ಮಾಡಿ: ಒಂದು ಕಡೆ ನೀಲಿ-ಕಪ್ಪಿನ ಗಾಂಬಾ, ಇನ್ನೊಂದು ಕಡೆ ಗುಲಾಬಿ ಬಣ್ಣದ ಸೆರೆಜೊ. ಶಿಜುಓಕಾ ಪ್ರಾಂತದಲ್ಲಿ ಕಿತ್ತಳೆಯ ಶಿಮಿಜು ಎಸ್-ಪಲ್ಸ್ ಮತ್ತು ನೀಲಿಯ ಜುಬಿಲೊ ಇವಾಟಾ ಎದುರಾಗುತ್ತವೆ. ನಮಗೆ ಹೆಚ್ಚು ಹತ್ತಿರದ್ದು ನಾಗಾನೊ ಪ್ರಾಂತದ ಶಿನ್‌ಶು ಡರ್ಬಿ, ಹಸಿರಿನ ಮಾತ್ಸುಮೊಟೊ ಯಮಾಗಾ ಮತ್ತು ಕಿತ್ತಳೆಯ ನಾಗಾನೊ ಪಾರ್ಸೆರೊ ತಂಡಗಳದ್ದು. ಎರಡೂ ಮಹಾನಗರಗಳಲ್ಲ. ಒಂದೇ ಪ್ರಾಂತದ ಅಕ್ಕಪಕ್ಕದ ಊರುಗಳ ಪಂತ ಅದು, ಕಲಬುರಗಿ-ಬೀದರ್ ಇದ್ದ ಹಾಗೆ.

ಜಪಾನಿನ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದೆ. ಅಲ್ಲಿ ಮಧ್ಯಾಹ್ನ 2ರ ಆಟ ಇಲ್ಲಿ ಬೆಳಿಗ್ಗೆ 10:30ಕ್ಕೆ, ಸಂಜೆ 7ರ ಆಟ ಇಲ್ಲಿ ಮಧ್ಯಾಹ್ನ 3:30ಕ್ಕೆ. ನೋಡುವಾಗ ಚೆಂಡಿನ ಮೇಲೆ ಕಣ್ಣಿಡದೆ ಗೋಲಿನ ಹಿಂದಿನ ಗ್ಯಾಲರಿ ನೋಡಿ. ಒಬ್ಬ ಮೈದಾನಕ್ಕೆ ಬೆನ್ನು ಹಾಕಿ, ಮಂದಿಯ ಕಡೆ ಮುಖ ಮಾಡಿ ನಿಂತಿರುತ್ತಾನೆ. ಅವನೇ ಕೂಗಿನ ಮುಂದಾಳು. ಡ್ರಮ್ ಅವನ ಕೈ ನೋಡಿ ಬಡಿಯುತ್ತದೆ, ಮಂದಿ ಡ್ರಮ್ ನೋಡಿ ಹಾಡುತ್ತಾರೆ.

ಜಾಗ ಮತ್ತು ಸದ್ದಿನ ಲೆಕ್ಕ

ಗೋಲಿನ ಹಿಂದೆಯೇ ನಿಲ್ಲಬೇಕು, ಅದಕ್ಕೆ ಕಾರಣವೂ ಇದೆ. ಮೈದಾನಗಳು ಹೆಚ್ಚಾಗಿ ಉತ್ತರ-ದಕ್ಷಿಣವಾಗಿ ಇರುತ್ತವೆ. ಸಂಜೆ ನಾಲ್ಕರ ಆಟಕ್ಕೆ ಪೂರ್ವದ ಮೆಟ್ಟಿಲಲ್ಲಿ ನಿಂತರೆ ಕಣ್ಣಿಗೆ ಬಿಸಿಲು. ಪಶ್ಚಿಮದಲ್ಲಿ ನಿಂತರೆ ಬೆಳಕು ನೀವು ಹಿಡಿದ ಬಾವುಟದ ಬಟ್ಟೆಯ ಹಿಂದಿನಿಂದ ಬಿದ್ದು ಬರಹ ಕಪ್ಪಾಗಿ ಕಾಣುತ್ತದೆ. ಗೋಲಿನ ಹಿಂದೆ ಬಿಸಿಲು ಪಕ್ಕಕ್ಕೆ ಬೀಳುವುದರಿಂದ ಈ ತೊಂದರೆ ಎರಡೂ ಇಲ್ಲ. ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿರಲಿ, ಬೀದರಿನ ನೆಹರೂ ಕ್ರೀಡಾಂಗಣವಿರಲಿ, ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ನೋಡಿಕೊಂಡು ಬನ್ನಿ. ಬಟ್ಟೆ ಕಟ್ಟುವುದಕ್ಕೂ ಡೊಳ್ಳು ತರುವುದಕ್ಕೂ ಆಟ ನಡೆಸುವವರ ಒಪ್ಪಿಗೆ ಬರಹದಲ್ಲೇ ಇರಲಿ. ಪಟಾಕಿ, ಹೊಗೆ ಬೇಡವೇ ಬೇಡ.

ಚಪ್ಪಾಳೆ ಕೆಡುವುದು ಮಂದಿಗೆ ಉಮೇದು ಸಾಲದೆ ಎಂದುಕೊಳ್ಳುತ್ತೇವೆ. ನಿಜವಾದ ಕಾರಣ ದೂರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಿಮಿಷಕ್ಕೆ 120 ಪೆಟ್ಟಿನ ತಾಳವಾದರೆ ಅರ್ಧ ಸೆಕೆಂಡಿಗೊಂದು ಪೆಟ್ಟು. ಡೊಳ್ಳಿನಿಂದ ನೂರು ಮೀಟರ್ ದೂರ ನಿಂತವನಿಗೆ ಪೆಟ್ಟು ಕೇಳುವಷ್ಟರಲ್ಲಿ 0.3 ಸೆಕೆಂಡ್ ಕಳೆದಿರುತ್ತದೆ, ಅಂದರೆ ಅವನ ಚಪ್ಪಾಳೆ ಎರಡು ಪೆಟ್ಟಿನ ನಡುವೆ ಬೀಳುತ್ತದೆ. ಮೂವತ್ತು ಮೀಟರ್ ಒಳಗೆ ಈ ತಡ 0.1 ಸೆಕೆಂಡಿಗಿಂತ ಕಡಿಮೆ, ಕಿವಿ ಅದನ್ನು ಸಹಿಸಿಕೊಳ್ಳುತ್ತದೆ. ಹಾಗಾಗಿ ಗುಂಪು ಅಗಲವಾಗಿ ಹರಡದೆ ಹಿಂದಕ್ಕೆ ಸಾಲುಸಾಲಾಗಿ ಬೆಳೆಯಲಿ: ಇಪ್ಪತ್ತು ಜನರ ಹತ್ತು ಸಾಲು. ಡೊಳ್ಳು ಕೆಳಗಿನ ಸಾಲಿನ ನಟ್ಟನಡುವೆ ಇರಲಿ. ಹಿಂದಿನವರು ಕೇಳಿ ತಟ್ಟುವ ಬದಲು ಡೊಳ್ಳಿನವನ ಕೋಲು ಮೇಲೇಳುವುದನ್ನು ನೋಡಿ ತಟ್ಟಲಿ.

ಎರಡು ಡೊಳ್ಳು, ಒಂದು ಹಲಗಿ ಸಾಕು. ಡೊಳ್ಳು ಎದೆಗೆ ತಟ್ಟುತ್ತದೆ, ಹಲಗಿಯ ಚುರುಕು ಸದ್ದು ತಾಳ ಹಿಡಿದಿಡುತ್ತದೆ. ಬಾರಿಸುವವರು ಹದಿನೈದು ನಿಮಿಷಕ್ಕೊಮ್ಮೆ ಬದಲಾಗಬೇಕು. ದಣಿದ ಕೈ ಮೊದಲು ತಾಳವನ್ನು ಓಡಿಸುತ್ತದೆ, ಆಮೇಲೆ ಬಿಡುತ್ತದೆ. ಹಲಗಿಯನ್ನು ಬಿಸಿಲಿಗೆ ಹಿಡಿದೇ ಕಾಯಿಸಿ. ಕಾಗದ, ಬಟ್ಟೆ ಇರುವ ಕಡೆ ಬೆಂಕಿ ಹಾಕಬಾರದು.

ಕೂಗು ಕಟ್ಟುವುದು

ನಾಲ್ಕು ಪೆಟ್ಟಿನಲ್ಲಿ ಮುಗಿಯುವ ಕೂಗು ಬೇಗ ಬಾಯಿಗೆ ಹತ್ತುತ್ತದೆ. ‘ಕಲ-ಬುರ-ಗೀ’ ಮೂರು ಪೆಟ್ಟು, ನಾಲ್ಕನೆಯದಕ್ಕೆ ಒಂದು ಚಪ್ಪಾಳೆ. ಬೀದರಿನವರಿಗೆ ಇನ್ನೂ ಸಲೀಸು: ‘ಬೀ-ದರ್’ ಎರಡು ಪೆಟ್ಟು, ಉಳಿದ ಎರಡಕ್ಕೆ ಎರಡು ಚಪ್ಪಾಳೆ. ಯಾದಗಿರಿಯದು ‘ಯಾ-ದಗಿ-ರೀ’, ಮತ್ತೆ ಒಂದು ಚಪ್ಪಾಳೆ. ಗಂಟಲು ಉಳಿಸುವುದು ಈ ಚಪ್ಪಾಳೆಯ ಬಿಡುವೇ. ಬರೀ ಕೂಗಿದರೆ ಇಪ್ಪತ್ತು ನಿಮಿಷದಲ್ಲಿ ಅರ್ಧ ಮಂದಿಯ ದನಿ ಕೂತುಬಿಡುತ್ತದೆ.

ಆರು ಕೂಗು ಸಾಕು: ತಂಡದ್ದು ಎರಡು, ಕಾರ್ನರ್ ಸಿಕ್ಕಾಗ ಒಂದು, ಗೋಲ್‌ಕೀಪರನಿಗೆ ಒಂದು, ಗೋಲಾದ ಮೇಲೆ ಒಂದು. ಆರನೆಯದು ಗೋಲು ಬಿಟ್ಟುಕೊಟ್ಟ ಕೂಡಲೇ ಶುರು ಮಾಡುವುದು. ಇದನ್ನೇ ಹೆಚ್ಚು ರೂಢಿ ಮಾಡಿಸಿ, ಏಕೆಂದರೆ ಗುಂಪು ಒಡೆಯುವುದು ಆ ಹೊತ್ತಿನಲ್ಲೇ. ಮುಂದಾಳು ಐದು ಸೆಕೆಂಡೂ ಕಾಯದೆ ಕೈ ಎತ್ತಬೇಕು.

ಎರಡು ಕೋಲಿನ ಬಾವುಟ

ಜಪಾನಿನ ಗ್ಯಾಲರಿಯಲ್ಲಿ ಎದ್ದು ಕಾಣುವುದು ಎರಡು ಕೋಲುಗಳ ನಡುವೆ ಬಟ್ಟೆ ಬಿಗಿದು ತಲೆಯ ಮೇಲೆ ಹಿಡಿಯುವ ಬಾವುಟ. ಅಗ್ಗದ್ದು, ಒಬ್ಬರೇ ಹಿಡಿಯಬಹುದು, ಹಿಂದಿನವರಿಗೆ ಅಡ್ಡವಾದರೆ ಕ್ಷಣದಲ್ಲಿ ಇಳಿಸಬಹುದು.

36 ಇಂಚು ಪನ್ನದ ಪಾಪ್ಲಿನ್ 133 ಸೆಂ.ಮೀ. ತನ್ನಿ. ಪನ್ನ ಸುಮಾರು 91 ಸೆಂ.ಮೀ. ಆಗುತ್ತದೆ. ಎರಡೂ ಅಂಚು ಗಟ್ಟಿ ಇರುವುದರಿಂದ ಮೇಲೆ ಕೆಳಗೆ ಹೊಲಿಗೆ ಬೇಡ. ಮೊದಲು ನೀರಲ್ಲಿ ನೆನೆಸಿ ಗಂಜಿ ಬಿಡಿಸಿ, ಒಣಗಿಸಿ ಇಸ್ತ್ರಿ ಮಾಡಿ. ಗಂಜಿ ಉಳಿದರೆ ಬಣ್ಣ ಮೇಲೆಯೇ ಕೂತು ಪದರಾಗಿ ಉದುರುತ್ತದೆ. ಎಡಬಲಕ್ಕೆ 6.5 ಸೆಂ.ಮೀ. ಮಡಿಚಿ, ತುದಿಯ 1 ಸೆಂ.ಮೀ. ಒಳಕ್ಕೆ ತಿರುವಿ ಹೊಲಿಯಿರಿ. 5.5 ಸೆಂ.ಮೀ. ಅಗಲದ ಚೀಲದಂಥ ತೂರು ಸಿಗುತ್ತದೆ, ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಸಲೀಸಾಗಿ ಹೋಗುತ್ತದೆ. ತೂರಿನ ಮೇಲ್ತುದಿಯನ್ನು ಹೊಲಿದು ಮುಚ್ಚಬೇಕು, ಇಲ್ಲದಿದ್ದರೆ ಕೈ ಎತ್ತಿದಾಗಲೆಲ್ಲ ಬಟ್ಟೆ ಜಾರಿ ಮುಂಗೈಗೆ ಬರುತ್ತದೆ. ಹತ್ತು ಅಡಿಯ ಒಂದು ಪೈಪನ್ನು ಎರಡು ತುಂಡು ಮಾಡಿದರೆ ಒಂದು ಬಾವುಟಕ್ಕೆ ಸರಿಯಾಯಿತು. ಕೆಳಗೆ ಎರಡು ಅಡಿ ಹಿಡಿಕೆ ಉಳಿಯುತ್ತದೆ.

ಬರೆಯಲು ಸಿಗುವ ಅಗಲ 109 ಸೆಂ.ಮೀ. ‘ಕಲಬುರಗಿ’ ಎಂದು ಐದಕ್ಷರ ಬರೆದರೆ ಒಂದೊಂದಕ್ಕೆ ಇಪ್ಪತ್ತೇ ಸೆಂ.ಮೀ., ಎದುರು ಗೋಲಿನಿಂದ ಓದಲಾಗದು. ಕೊಂಬು, ಗುಡಿಸು, ಒತ್ತು ಇದ್ದಷ್ಟೂ ಮೂಲ ಅಕ್ಷರ ಕುಗ್ಗುತ್ತದೆ. ಆದ್ದರಿಂದ ಈ ಬಾವುಟಕ್ಕೆ ಆಟಗಾರನ ಅಂಗಿಯ ಸಂಖ್ಯೆ ಲೇಸು: 60 ಸೆಂ.ಮೀ. ಎತ್ತರ, ಗೆರೆಯ ದಪ್ಪ 10 ಸೆಂ.ಮೀ. ಊರಿನ ಹೆಸರಿಗೆ ಐದು ಮೀಟರ್ ಉದ್ದದ ಬೇರೆ ಬಟ್ಟೆ ಮಾಡಿ ಕಟಕಟೆಗೆ ಕಟ್ಟಿ, ಅರ್ಧ ಮೀಟರಿಗೊಂದು ನೂಲಿನ ಹಗ್ಗ.

ಬಣ್ಣಕ್ಕೆ ಬಟ್ಟೆಯ ಪೇಂಟ್ ಅಥವಾ ಕಾಲು ಪಾಲು ನೀರು ಬೆರೆಸಿದ ಗೋಡೆಯ ಎಮಲ್ಶನ್. ಎಣ್ಣೆ ಪೇಂಟ್ ಬಟ್ಟೆಯನ್ನು ಅಟ್ಟೆಯಂತೆ ಬಿಗಿ ಮಾಡಿ ಮಡಿಕೆಯಲ್ಲಿ ಒಡೆಯುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಪೇಪರ್ ಹಾಸಿದರೆ ಬಟ್ಟೆಯ ಬೆನ್ನಿಗೆ ಅಂಟುತ್ತದೆ. ಬಲಗೈ ಕೋಲಿಗೆ ಒಂದು ಸುತ್ತು ಕೆಂಪು ಟೇಪ್ ಸುತ್ತಿಡಿ. ಹೊಸಬರು ಬಾವುಟವನ್ನು ತಮಗೆ ಓದಲು ಬರುವಂತೆ ಹಿಡಿಯುತ್ತಾರೆ, ಆಗ ಮೈದಾನಕ್ಕೆ ಕಾಣುವುದು ಬಟ್ಟೆಯ ಬೆನ್ನು.

ಬಣ್ಣದ ಹಾಳೆ

ಜೆ.ಲೀಗ್ ತಂಡವಾದ ಉರಾವಾ ರೆಡ್ಸ್‌ನ ಅಭಿಮಾನಿಗಳು ಸೈತಾಮಾ ಕ್ರೀಡಾಂಗಣವನ್ನು ತುಂಬಿ, ಬಣ್ಣದ ಹಾಳೆಗಳನ್ನು ಎತ್ತಿ ಹಿಡಿದು ಚಿತ್ರ ಮೂಡಿಸುತ್ತಾರೆ. ಇನ್ನೂರು ಜನರಿಂದ ಚಿತ್ರ ಮೂಡದು. ಅಡ್ಡಪಟ್ಟೆ ಮಾತ್ರ ಆರಿಸಿ: ಐದು ಸಾಲು ಒಂದು ಬಣ್ಣ, ಐದು ಸಾಲು ಇನ್ನೊಂದು. 22×28 ಇಂಚಿನ ಕಾರ್ಡ್‌ಶೀಟನ್ನು ನಾಲ್ಕು ಭಾಗ ಮಾಡಿದರೆ 50 ಹಾಳೆಗೆ 200 ತುಂಡು. ಹರಿದು ಹಾರಿ ಹೋಗುವುದಕ್ಕೆಂದು ಇನ್ನೂ ಐದು ಹಾಳೆ ಹೆಚ್ಚಿಗೆ ತನ್ನಿ. ಮೊದಲೇ ಹಂಚಿದರೆ ಎಲ್ಲರೂ ಬೀಸಣಿಗೆ ಮಾಡಿಕೊಳ್ಳುತ್ತಾರೆ, ಆಟಗಾರರು ಒಳಗೆ ಬರುವ ಹತ್ತು ನಿಮಿಷ ಮುಂಚೆ ಹಂಚಿ. ಮುಂದಾಳು ಕೈ ಎತ್ತಿದಾಗ ಮೇಲಕ್ಕೆ, ಆಟ ಶುರುವಿನ ಸೀಟಿಗೆ ಕೆಳಕ್ಕೆ.

ಎದುರಾಳಿ ಮಂದಿ

ಅವರಿಗೆ ಎದುರು ಗೋಲಿನ ಹಿಂದಿನ ಜಾಗ ಬಿಟ್ಟುಕೊಡಿ, ಬೇರೆ ಗೇಟು ಕೇಳಿಕೊಳ್ಳಿ. ಒಂದೇ ಕಡೆ ಕೂಡಬೇಕಾಗಿ ಬಂದರೆ ನಡುವೆ ಐದು ಮೀಟರ್ ಖಾಲಿ ಬಿಟ್ಟು ಎರಡೂ ಕಡೆಯ ಹಿರಿಯರನ್ನು ನಿಲ್ಲಿಸಿ. ಆಟ ಮುಗಿದ ಮೇಲೆ ದೂರದಿಂದ ಬಂದವರು ಮೊದಲು ಹೊರಡಲಿ.

ಪ್ರತಿ ಬಟ್ಟೆಯ ಬರಹವನ್ನೂ ಕಟ್ಟುವ ಮುಂಚೆ ಇಬ್ಬರು ಓದಲೇಬೇಕು. 2014ರ ಮಾರ್ಚ್‌ನಲ್ಲಿ ಸೈತಾಮಾದಲ್ಲಿ ‘ಜಪಾನಿಯರಿಗೆ ಮಾತ್ರ’ ಎಂಬ ಅರ್ಥದ ಒಂದು ಬ್ಯಾನರ್ ಗ್ಯಾಲರಿಯ ಬಾಗಿಲ ಮೇಲೆ ತೂಗಿತ್ತು. ಅದನ್ನು ಆಟ ಮುಗಿಯುವವರೆಗೆ ತೆಗೆಸದ ತಪ್ಪಿಗೆ ಉರಾವಾ ಆಮೇಲೆ ತನ್ನ ಮೈದಾನದ ಒಂದು ಆಟವನ್ನು ಒಬ್ಬ ಪ್ರೇಕ್ಷಕನೂ ಇಲ್ಲದೆ ಆಡಬೇಕಾಯಿತು. ಜೆ.ಲೀಗ್‌ನಲ್ಲಿ ಅಂಥ ಶಿಕ್ಷೆ ಅದೇ ಮೊದಲು. ಜಾತಿ, ಧರ್ಮ, ಮನೆತನ, ಹೆಣ್ಣುಮಕ್ಕಳ ಮೇಲಿನ ಮಾತು ಯಾವ ಬಟ್ಟೆಯಲ್ಲೂ ಯಾವ ಕೂಗಿನಲ್ಲೂ ಇರಕೂಡದು. ಅನುಮಾನ ಬಂದರೆ ಆ ಬಟ್ಟೆ ಮಡಿಚಿಡಿ.

ಆಟ ಮುಗಿದ ಮೇಲೆ

ಹತ್ತು ಜನಕ್ಕೊಂದು ಚೀಲ, ಒಟ್ಟು ಇಪ್ಪತ್ತು. ಜಪಾನ್ ತಂಡದ ಬೆಂಬಲಿಗರು ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಆಟದಲ್ಲಿ ಬೀಸಿ ಹುರಿದುಂಬಿಸಿ, ಆಮೇಲೆ ಅವುಗಳಲ್ಲೇ ಕಸ ತುಂಬುತ್ತಾರೆ. ನೀವೂ ತಂಡದ ಬಣ್ಣದ ಚೀಲವನ್ನೇ ತನ್ನಿ. ನಮ್ಮಲ್ಲಿ ಕಾಡುವುದು ಶೇಂಗಾ ಸಿಪ್ಪೆ, ಮೆಟ್ಟಿಲ ಸಂದಿಯಲ್ಲಿ ಸೇರಿದರೆ ಕೈಗೆ ಸಿಗದು. ಎರಡು ಕಸಬರಿಗೆ ಇರಲಿ, ಮೇಲಿನ ಸಾಲಿನಿಂದ ಕೆಳಕ್ಕೆ ಗುಡಿಸಿ. ನೀರಿನ ಬಾಟಲಿ ಬೇರೆ ಚೀಲಕ್ಕೆ. ಬಾವುಟಗಳ ಕೋಲು ತೆಗೆದು, ಬಟ್ಟೆಯನ್ನು ಮಡಿಚದೆ ನಡುವೆ ಹಳೆಯ ಸೀರೆಯ ತುಂಡು ಇಟ್ಟು ಸುರುಳಿ ಸುತ್ತಿ. ಏಪ್ರಿಲ್-ಮೇ ಬಿಸಿಲಿಗೆ ಪತ್ರಾಸ್ ಕೋಣೆಯಲ್ಲಿ ಬಣ್ಣ ಮೆತ್ತಗಾಗಿ ಬಟ್ಟೆಗೆ ಬಟ್ಟೆ ಅಂಟಿಕೊಳ್ಳುತ್ತದೆ, ಹಾಗಾಗಿ ಸುರುಳಿಗಳನ್ನು ಆರ್‌ಸಿಸಿ ಮನೆಯ ಒಳಕೋಣೆಯಲ್ಲಿ, ನೆಲದಿಂದ ಮೇಲೆ ಇಡಿ.