ಕಮೋಡ್‌ನ ಕಂದು ಉಂಗುರ: ತಿಕ್ಕಬೇಡಿ, ನೆನೆಸಿ

ಬೋರ್‌ವೆಲ್ ನೀರಿನ ಮನೆಯಾದರೆ ಕಮೋಡ್‌ನೊಳಗೆ ನೀರು ನಿಲ್ಲುವ ಮಟ್ಟದಲ್ಲೊಂದು ಕಂದು ಉಂಗುರ ಕಟ್ಟಿಯೇ ಇರುತ್ತದೆ. ವಾರಕ್ಕೆರಡು ಸಲ ತಿಕ್ಕಿದರೂ ಜಗ್ಗುವುದಿಲ್ಲ. ಅದು ಬರೀ ಕೊಳೆಯಲ್ಲ, ಕಲ್ಲು. ಸ್ನಾನದ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟುತ್ತದಲ್ಲ, ಅದರ ಸಂಬಂಧಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಪದರ ಪದರವಾಗಿ ಪಿಂಗಾಣಿಗೆ ಅಂಟುತ್ತವೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ತುಕ್ಕಿನ ಬಣ್ಣವೂ ಸೇರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕೆನ್ನುತ್ತದೆ ಭಾರತೀಯ ಮಾನಕ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳು ಇದನ್ನು ದಾಟುತ್ತವೆ.

ಕಲ್ಲನ್ನು ಕರಗಿಸುವುದು ಹುಳಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿ 100 ಗ್ರಾಂ ತನ್ನಿ. ಅದೇ ಸಿಟ್ರಿಕ್ ಆಸಿಡ್.

ರಾತ್ರಿ ಮನೆಯವರದೆಲ್ಲ ಮುಗಿದ ಮೇಲೆ ಕೆಲಸ ಶುರು ಮಾಡಿ. ಫ್ಲಶ್ ಟ್ಯಾಂಕಿಗೆ ನೀರು ಬರುವ ಪುಟ್ಟ ನಲ್ಲಿಯನ್ನು (ಆ್ಯಂಗಲ್ ಕಾಕ್) ಬಂದ್ ಮಾಡಿ, ಒಮ್ಮೆ ಫ್ಲಶ್ ಮಾಡಿ. ಉಳಿದ ನೀರನ್ನು ಬ್ರಷ್‌ನಿಂದಲೇ ಕೊಳವೆಯತ್ತ ನೂಕಿ ನೂಕಿ ಖಾಲಿ ಮಾಡಿ. ಬಹಳ ಜನ ಸೋಲುವುದು ಇಲ್ಲೇ: ನಿಂತ ನೀರಿಗೆ ಏನು ಸುರಿದರೂ ಅದು ತೆಳ್ಳಗಾಗಿ ಕೈಕೊಡುತ್ತದೆ.

ಈಗ ಅರ್ಧ ಲೀಟರ್ ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ. ಕುದಿಯುವ ನೀರು ಬೇಡ, ಪಿಂಗಾಣಿ ಸೀಳೀತು. ಗ್ಲೌಸ್ ಹಾಕಿಕೊಂಡು, ಹಳೆ ಪಂಚೆಯ ಚೂರುಗಳನ್ನು ಅದರಲ್ಲಿ ಅದ್ದಿ ಉಂಗುರದ ಸುತ್ತ ಅಂಟಿಸಿ. ಅಂಚಿನ ಕೆಳಗೆ ನೀರು ಚಿಮ್ಮುವ ತೂತುಗಳಿರುತ್ತವೆ, ಅಲ್ಲಿಗೂ ಒತ್ತಿ. ಮಿಕ್ಕಿದ್ದನ್ನು ಮೇಲೆ ಸುರಿದು ಮಲಗಿ. ಬೆಳಿಗ್ಗೆ ಬಟ್ಟೆ ತೆಗೆದು (ಮರೆತು ಫ್ಲಶ್ ಮಾಡಿದಿರೋ, ಪ್ಲಂಬರ್‌ಗೆ ಫೋನ್ ಮಾಡಬೇಕಾದೀತು) ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ. ವರ್ಷಗಳ ಕಲೆಯಾದರೆ ಇನ್ನೂ ಒಂದೆರಡು ರಾತ್ರಿ ಬೇಕು.

ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ನೊರೆ ಬರಿಸುವುದು ನೋಡಲು ಚೆಂದ, ಅಷ್ಟೇ. ಹುಳಿ, ಕ್ಷಾರ ಎರಡೂ ಒಂದನ್ನೊಂದು ತಿಂದುಹಾಕಿ ಉಪ್ಪುನೀರಿನಂಥದ್ದು ಉಳಿಯುತ್ತದೆ. ಬ್ಲೀಚಿಂಗ್ ಪೌಡರ್ ಕಲ್ಲನ್ನು ಕರಗಿಸುವುದಿಲ್ಲ, ತುಕ್ಕಿನ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಅದನ್ನು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆಗಂತೂ ಎಂದೂ ಬೆರೆಸಬೇಡಿ: ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟಿಸುತ್ತದೆ, ಪುಟ್ಟ ಬಚ್ಚಲಲ್ಲಿ ಜೀವಕ್ಕೇ ಅಪಾಯ. ಬಾಟಲಿಯಲ್ಲಿ ಮಾರುವ ಕಚ್ಚಾ ಆಸಿಡ್ ಕೂಡ ನನ್ನ ಲೆಕ್ಕದಲ್ಲಿ ಬೇಡವೇ ಬೇಡ. ನೆಲದ ಟೈಲ್ಸ್ ಸಂದು ಕೊರೆಯುತ್ತದೆ, ನಲ್ಲಿಯ ಹೊಳಪು ಕೀಳುತ್ತದೆ, ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಉಂಗುರ ಹೋಯಿತು, ಆದರೆ ಹಿಂಬದಿಯಲ್ಲಿ ಉದ್ದ ಗೆರೆಯೊಂದು ಮತ್ತೆ ಮತ್ತೆ ಮೂಡುತ್ತಿದೆಯೇ? ಫ್ಲಶ್ ಟ್ಯಾಂಕ್ ಸೋರುತ್ತಿರಬಹುದು. ಅದರೊಳಗೆ ಚಿಟಿಕೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡ್‌ನ ನೀರಿಗೆ ಬಣ್ಣ ಬಂದರೆ ಟ್ಯಾಂಕಿನೊಳಗಿನ ರಬ್ಬರ್ ವಾಷರ್ ಬದಲಿಸಿ.