ವಿನ್ಯೊ ವೆರ್ದೆ ಕೊಳ್ಳುವಾಗ ವರ್ಷ ನೋಡಿ
ಪೋರ್ಚುಗಲ್‌ನ ವಿನ್ಯೊ ವೆರ್ದೆ ಬಿಳಿ ವೈನ್ ಕೊಳ್ಳುವಾಗ ಲೇಬಲ್ ಮೇಲಿನ ವರ್ಷ ನೋಡಿ, ಅಂಗಡಿಯಲ್ಲಿ ಇರುವುದರಲ್ಲೇ ಹೊಸದನ್ನು ಆರಿಸಿ. ಕೆಲವು ವೈನ್ ಇಟ್ಟಷ್ಟೂ ರುಚಿ, ಇದು ಹಾಗಲ್ಲ. ಅಟ್ಲಾಂಟಿಕ್ ಕಡಲ ತಂಪಿಗೆ, ಮಳೆಗೆ ಅಲ್ಲಿನ ದ್ರಾಕ್ಷಿಯಲ್ಲಿ ಹುಳಿ ಚೆನ್ನಾಗಿ ಉಳಿಯುತ್ತದೆ. ಆ ಹುಳಿ, ನಿಂಬೆಯಂಥ ಘಮ, ನಾಲಿಗೆಗೆ ಚುರುಗುಟ್ಟುವ ಸಣ್ಣ ಗುಳ್ಳೆ, ಇವೇ ಇದರ ಜೀವ ಅಲ್ವಾ? ಒಂದೆರಡು ವರ್ಷದಲ್ಲಿ ಎಲ್ಲ ಸಪ್ಪೆಯಾಗುತ್ತದೆ. ‘ವೆರ್ದೆ’ ಅಂದರೆ ಹಸಿರು. ಇಲ್ಲಿ ಬಣ್ಣವಲ್ಲ, ಎಳೆಯದು ಅಂತ. ಆದರೆ ಕೆಲವು ಬಾಟಲಿಗಳ ಮೇಲೆ ವರ್ಷವೇ ಇರುವುದಿಲ್ಲ. ಅಂಥವನ್ನು ವ್ಯಾಪಾರ ಜಾಸ್ತಿ ಇರುವ ಅಂಗಡಿಯಲ್ಲೇ ಕೊಳ್ಳಿ. ಇನ್ನು ಅದೇ ಸೀಮೆಯ ಮೊನ್ಸಾವ್, ಮೆಲ್ಗಾಸು ಭಾಗದಲ್ಲಿ ಅಲ್ವರಿನ್ಯೊ ಎಂಬ ದ್ರಾಕ್ಷಿಯಿಂದ ಮಾಡಿದ ಒಳ್ಳೆಯ ವೈನ್ ನಾಲ್ಕೈದು ವರ್ಷ ಕಳೆದರೂ ಸೊಗಸಾಗಿರುತ್ತದೆ. ಹಳೆಯದು ಅಂತ ಸುಮ್ನೆ ಅದನ್ನು ಬಿಟ್ಟು ಬರಬೇಡಿ.